ಹತ್ತುವ ಸರದಿ

ಒಂದು ಜನಾಂಗದ ನಾಗರಿಕತೆಯನ್ನು ಅಳೆಯಲು ವಿದ್ವಾಂಸರು ಹಲವು ಮಾನದಂಡಗಳನ್ನು ಹೇಳಿದ್ದಾರೆ. ಸಾಹಿತ್ಯ, ಶಿಲ್ಪ, ಶಾಸನ, ಆಡಳಿತ ಇವೆಲ್ಲವೂ ಸರಿಯೇ. ಇವುಗಳ ಜೊತೆಗೆ ಇನ್ನೊಂದು ಸಣ್ಣ ಅಳತೆಗೋಲನ್ನೂ ಸೇರಿಸಬಹುದೆಂದು ನನ್ನ ಎಣಿಕೆ. ಹತ್ತು ಜನ ಹೋಗಬೇಕಾದ ಬಾಗಿಲು ಒಂದೇ ಇದ್ದಾಗ ಆ ಹತ್ತು ಜನ ಹೇಗೆ ನಡೆದುಕೊಳ್ಳುತ್ತಾರೆ? ಮೇಲ್ನೋಟಕ್ಕೆ ಇದು ಅಲ್ಪ ವಿಷಯ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಸ್ಸು ಹತ್ತುವ ವಿಚಾರವೇ ಎಂದು ವಾಚಕರು ನಗಬಹುದು. ಆದರೆ ದಿನಕ್ಕೆ ಎರಡು ಬಾರಿ ನಮ್ಮೆಲ್ಲರನ್ನೂ ಪರೀಕ್ಷೆಗೆ ಒಡ್ಡುವ ವಿಷಯವನ್ನು ಅಲ್ಪವೆನ್ನುವುದು ಹೇಗೆ? ಆದುದರಿಂದ ಇದನ್ನು ಸ್ವಲ್ಪ ಶಾಸ್ತ್ರೀಯವಾಗಿಯೇ ವಿವೇಚಿಸೋಣ.

ಮೊದಲು ಮಾತಿನ ಅರ್ಥವನ್ನು ನೋಡೋಣ. ನಮ್ಮ ಕನ್ನಡದಲ್ಲಿ ಸಾಲು, ಸರದಿ, ಪಾಳಿ ಎಂಬ ಮಾತುಗಳಿವೆ. ಸಾಲು ಕಣ್ಣಿಗೆ ಕಾಣುವಂಥದು. ಸರದಿ ಮನಸ್ಸು ಒಪ್ಪಿಕೊಳ್ಳುವಂಥದು. ಒಬ್ಬರ ಹಿಂದೆ ಒಬ್ಬರು ನಿಂತ ಮಾತ್ರಕ್ಕೆ ಸರದಿಯಾಗುವುದಿಲ್ಲ. ‘ನನಗಿಂತ ಮೊದಲು ಬಂದವನು ನನಗಿಂತ ಮೊದಲು ಪಡೆಯತಕ್ಕವನು’ ಎಂಬ ಒಪ್ಪಿಗೆ ಅಲ್ಲಿದ್ದರೆ ಮಾತ್ರ ಅದು ಸರದಿ. ಈಗ ಎಲ್ಲರ ಬಾಯಲ್ಲೂ ಇರುವ ‘ಕ್ಯೂ’ ಎಂಬ ಮಾತು ಫ್ರೆಂಚ್ ಭಾಷೆಯದು. ಅದರ ಮೂಲಾರ್ಥ ಬಾಲ. ಥಾಮಸ್ ಕಾರ್ಲೈಲ್ ಎಂಬ ಲೇಖಕನು 1837ರಲ್ಲಿ ಪ್ರಕಟಿಸಿದ ಫ್ರೆಂಚ್ ಮಹಾಕ್ರಾಂತಿಯ ಚರಿತ್ರೆಯಲ್ಲಿ, ಪ್ಯಾರಿಸ್ ನಗರದ ರೊಟ್ಟಿಯಂಗಡಿಗಳ ಮುಂದೆ ನಿಂತ ಹಸಿದ ಜನರ ಸಾಲನ್ನು ವರ್ಣಿಸುತ್ತ ಈ ಮಾತನ್ನು ಬಳಸಿದನು. ಹಸಿವು ಹೆಚ್ಚಿ ರೊಟ್ಟಿ ಕಡಿಮೆಯಾದಾಗಲೇ ಸಾಲು ಹುಟ್ಟಿತೆಂಬುದನ್ನು ಗಮನಿಸಬೇಕು. ಸಾಲಿನ ತಾಯಿ ಕೊರತೆ.

ಹಾಗೆಂದ ಮಾತ್ರಕ್ಕೆ ಸರದಿ ನಮಗೆ ಪರದೇಶದಿಂದ ಬಂದ ಸರಕೆಂದು ತಿಳಿಯಬಾರದು. ನಮ್ಮದು ಮಳೆ ಕಡಿಮೆಯ ಜಿಲ್ಲೆ. ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಬಿಡುವಾಗ ಮೇಲಿನವನು ಹೆಚ್ಚು ಹೊತ್ತು ಮಡೆ ಕಟ್ಟಿಕೊಂಡರೆ ಕೆಳಗಿನವನ ಬೆಳೆ ಒಣಗುತ್ತದೆ. ಅದಕ್ಕಾಗಿಯೇ ಊರಿಗೊಬ್ಬ ನೀರುಗಂಟಿ ಇದ್ದನು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡುವುದು ಅವನ ಕೆಲಸ. ಅವನು ಕಾಯುತ್ತಿದ್ದದ್ದು ನೀರನ್ನಲ್ಲ, ಸರದಿಯನ್ನು ಎಂದರೂ ಸಲ್ಲುತ್ತದೆ. ಊಟದ ವಿಷಯದಲ್ಲಂತೂ ನಮ್ಮ ಹಿರಿಯರು ‘ಪಂಕ್ತಿಭೇದ’ ಎಂಬ ಮಾತನ್ನೇ ಮಾಡಿಟ್ಟರು. ಒಂದೇ ಸಾಲಿನಲ್ಲಿ ಕೂರಿಸಿ ಒಬ್ಬನಿಗೆ ತುಪ್ಪ, ಇನ್ನೊಬ್ಬನಿಗೆ ಬರೀ ಸಾರು ಬಡಿಸುವುದು ಪಾಪವೆಂದರು.

ಇದರ ಇನ್ನೊಂದು ಮುಖವನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರವಾದೀತು. ಪಂಕ್ತಿಯೊಳಗೆ ಭೇದ ಬೇಡವೆಂದ ಸಮಾಜವೇ ಪಂಕ್ತಿಗೆ ಎಷ್ಟೋ ಜನರನ್ನು ಸೇರಿಸಲೇ ಇಲ್ಲ. ಊರ ಬಾವಿಯ ಬಳಿ ಕೆಲವರು ದೂರ ನಿಂತು, ಯಾರಾದರೂ ದಯೆಯಿಂದ ನೀರು ಹೊಯ್ದಾರೆಂದು ಕಾಯಬೇಕಾಗಿತ್ತು. ಅವರು ಬಂದದ್ದು ಮೊದಲಾದರೂ ಅವರಿಗೆ ಸರದಿ ಎಂಬುದೇ ಇರಲಿಲ್ಲ. 1927ರ ಮಾರ್ಚಿಯಲ್ಲಿ ಡಾಕ್ಟರ್ ಅಂಬೇಡ್ಕರ್ ಅವರು ಮಹಾಡಿನ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು ಇದರ ವಿರುದ್ಧವೇ. ನಮ್ಮ ಸಂವಿಧಾನದ 15ನೆಯ ಅನುಚ್ಛೇದದಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರನ್ನು ಎತ್ತಿಯೇ ಹೇಳಿರುವುದಕ್ಕೂ ಇದೇ ಕಾರಣ. ಹೀಗೆ ನೋಡಿದರೆ ಬಸ್ಸಿನ ಬಾಗಿಲ ಮುಂದಿನ ಸಾಲು ಸಾಮಾನ್ಯ ವಸ್ತುವಲ್ಲ. ಅಲ್ಲಿ ಯಾರ ಮಗ, ಯಾವ ಕೇರಿ, ಎಷ್ಟು ಎಕರೆ ಎಂಬ ಪ್ರಶ್ನೆಗಳಿಲ್ಲ. ಯಾರು ಮೊದಲು ಬಂದರು ಎಂಬ ಪ್ರಶ್ನೆ ಒಂದೇ. ಶಿಫಾರಸು ಮಾಡುವವರಿಲ್ಲದವರಿಗೆ ಸಾಲೇ ಶಿಫಾರಸು.

ಇನ್ನು ನಮ್ಮ ಕಡೆಯ ಬಸ್ಸಿನ ವಿಷಯಕ್ಕೆ ಬರೋಣ. ನಮ್ಮೂರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ಹೋಬಳಿಯ ಊರಾದ್ದರಿಂದ ಸುತ್ತಿನ ಹಳ್ಳಿಯವರೂ ಇಲ್ಲಿಗೆ ಬಂದೇ ಬಸ್ಸು ಹಿಡಿಯುತ್ತಾರೆ. ಬೆಳಗಿನ ಬಸ್ಸಿಗೆ ಕಾಯುವವರಲ್ಲಿ ನಮ್ಮಂಥ ವಿದ್ಯಾರ್ಥಿಗಳು, ಆಸ್ಪತ್ರೆಗೆ ಹೊರಟ ಮುದುಕರು, ಕಚೇರಿಯ ಕೆಲಸವಿದ್ದವರು, ಕಂಕುಳಲ್ಲಿ ಕೂಸು ಕೈಯಲ್ಲಿ ಚೀಲ ಹಿಡಿದ ತಾಯಂದಿರು, ಎಲ್ಲರೂ ಇರುತ್ತಾರೆ. ಬಸ್ಸು ಕಾಣುವವರೆಗೂ ಇವರೆಲ್ಲ ಬಹಳ ಸಭ್ಯರು. ಮಳೆ, ಬೆಳೆ, ಮದುವೆಯ ಮಾತುಕತೆ ಅನ್ಯೋನ್ಯವಾಗಿ ನಡೆಯುತ್ತಿರುತ್ತದೆ. ಬಸ್ಸು ತಿರುವಿನಲ್ಲಿ ಕಂಡಿತೋ ಇಲ್ಲವೋ, ಕ್ಷಣಾರ್ಧದಲ್ಲಿ ಆ ಸಮಾಜವೇ ಮಾಯ! ಗಟ್ಟಿಮುಟ್ಟಾದವರು ಬಾಗಿಲಿಗೆ ನುಗ್ಗುತ್ತಾರೆ. ಚತುರರು ಕಿಟಕಿಗೆ ಓಡುತ್ತಾರೆ.

ಕಿಟಕಿಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಹೊರಗಿನಿಂದಲೇ ಒಂದು ಟವೆಲನ್ನೋ ಚೀಲವನ್ನೋ ಸೀಟಿನ ಮೇಲೆ ಎಸೆದರೆ ಆ ಸೀಟು ಅವನದಾಯಿತು. ನೂಕಾಡಿ ಒಳಗೆ ಬಂದವನು ಖಾಲಿ ಸೀಟನ್ನು ಕಂಡರೂ ಟವೆಲನ್ನು ನೋಡಿ, ‘ಯಾರೋ ಹಾಕವ್ರೆ’ ಎಂದು ಮುಂದೆ ಹೋಗುತ್ತಾನೆ. ನಿಂತ ಮನುಷ್ಯನಿಗೆ ಇಲ್ಲದ ಮರ್ಯಾದೆ ಬಿದ್ದ ಟವೆಲಿಗೆ ಇದೆ. ಇದರಿಂದ ಒಂದು ವಿಚಾರ ಸ್ಪಷ್ಟವಾಗುತ್ತದೆ. ನಮ್ಮ ಜನಕ್ಕೆ ನಿಯಮವೇ ಬೇಡವೆಂಬುದು ಸುಳ್ಳು. ಮೊದಲು ಬಂದವನಿಗೆ ಮೊದಲ ಹಕ್ಕೆಂಬ ತತ್ತ್ವವನ್ನು ಅವರೂ ಒಪ್ಪುತ್ತಾರೆ. ಆದರೆ ಯಾವುದು ‘ಮೊದಲು’ ಎಂಬಲ್ಲಿ ದೋಷವಿದೆ. ಅರ್ಧ ಗಂಟೆ ನಿಂತ ಅಜ್ಜಿಯ ಕಾಯುವಿಕೆ ಲೆಕ್ಕಕ್ಕಿಲ್ಲ. ಕೊನೆಯ ಗಳಿಗೆಯಲ್ಲಿ ಬಂದವನ ತೋಳಿನ ಉದ್ದ ಲೆಕ್ಕಕ್ಕಿದೆ.

ನಮ್ಮ ರಾಜ್ಯದಲ್ಲಿ ಸರ್ಕಾರಿ ಬಸ್ಸಿನ ಚರಿತ್ರೆ ಮೈಸೂರು ಸರ್ಕಾರವು 1948ರಲ್ಲಿ 120 ಬಸ್ಸುಗಳೊಡನೆ ತೆರೆದ ಸಾರಿಗೆ ಇಲಾಖೆಯಿಂದ ಮೊದಲಾಗುತ್ತದೆ. ಅದು 1961ರಲ್ಲಿ ನಿಗಮವಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. 2025ರ ಜುಲೈ ವೇಳೆಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿಯನ್ನು ಮುಟ್ಟಿತು. ಮನೆಯಿಂದ ಹೊರಗೆ ಕಾಲಿಡಲು ಗಂಡನನ್ನೋ ಮಗನನ್ನೋ ಹಣ ಕೇಳಬೇಕಾಗಿದ್ದವರು ಈಗ ತಾವಾಗಿಯೇ ಹೊರಡುತ್ತಾರೆ. ಇದು ಸಣ್ಣ ಸಂಗತಿಯಲ್ಲ.

ಈ ಹಂತದಲ್ಲಿ ನನ್ನ ಸ್ವಂತ ಮಾತೊಂದನ್ನು ಹೇಳುವುದಕ್ಕೆ ಅಧ್ಯಾಪಕರು ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ಉಚಿತ ಟಿಕೆಟ್ಟು ಇಲ್ಲದಿದ್ದರೆ ಮೂರು ವರ್ಷ ಓಡಾಡುವುದು ನಮ್ಮಪ್ಪನ ಕೈಯಲ್ಲಿ ಆಗುತ್ತಿರಲಿಲ್ಲ. ಆದರೆ ಟಿಕೆಟ್ಟು ಉಚಿತವಾದರೂ ಬಾಗಿಲು ಉಚಿತವಲ್ಲ. ನೂಕುನುಗ್ಗಲಿನಲ್ಲಿ ಬಸ್ಸು ತಪ್ಪಿದ ದಿನ ಮೊದಲ ಎರಡು ತರಗತಿಗಳು ತಪ್ಪುತ್ತವೆ. ಹಾಜರಿ ಶೇಕಡಾ 75ಕ್ಕೆ ಇಳಿದರೆ ಪರೀಕ್ಷೆಯ ಭಯ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ‘ಇಷ್ಟು ಕಷ್ಟಪಟ್ಟು ಯಾಕಮ್ಮ ಹೋಗಬೇಕು, ಮನೇಲಿರು’ ಎಂದು ಮನೆಯವರು ಪ್ರೀತಿಯಿಂದಲೇ ಹೇಳುವ ಮಾತು. ನಮ್ಮ ಕಡೆಯಿಂದ ಕಾಲೇಜಿಗೆ ಸೇರಿದ ಹುಡುಗಿಯರಲ್ಲಿ ಒಬ್ಬಳು ಎರಡನೆಯ ವರ್ಷದಲ್ಲಿ ಓದು ಬಿಟ್ಟಳು. ಕಾರಣಗಳು ಹಲವು, ಬೆಳಗಿನ ಈ ಕುಸ್ತಿಯೂ ಅವುಗಳಲ್ಲಿ ಒಂದು. ಆದುದರಿಂದ ಸಾಲು ಮುರಿಯುವವನು ತಾನು ಒಂದು ಸೀಟನ್ನು ಮಾತ್ರ ತೆಗೆದುಕೊಂಡೆನೆಂದು ತಿಳಿದರೆ ತಪ್ಪು.

ಹಾಗಾದರೆ ನುಗ್ಗುವವರು ಕೆಟ್ಟವರೇ? ಹಾಗೆಂದು ತೀರ್ಪು ಕೊಡುವ ಮುನ್ನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಒಮ್ಮೆ ನಿಂತು ನೋಡಬೇಕು. ಮುಂಗಡ ಕಾಯ್ದಿರಿಸಿದ ಡಬ್ಬಿಯ ಮುಂದೆ ಜನ ನಿಧಾನವಾಗಿ ಹತ್ತುತ್ತಾರೆ. ಸಾಮಾನ್ಯ ಡಬ್ಬಿಯ ಮುಂದೆ ಜಾತ್ರೆ. ಇಲ್ಲಿ ನುಗ್ಗಿದವನೇ ನಾಳೆ ಅಲ್ಲಿ ಟಿಕೆಟ್ಟು ಪಡೆದರೆ ಸಾಧುವಾಗುತ್ತಾನೆ. ಸೀಟಿಗೆ ಸಂಖ್ಯೆ ಬಿದ್ದ ಕೂಡಲೇ ಸ್ವಭಾವ ಬದಲಾಯಿತು. ಹೀಗೆ ಸಭ್ಯತೆ ಎಂಬುದು ಅರ್ಧ ಮನಸ್ಸಿನ ಗುಣ, ಅರ್ಧ ಏರ್ಪಾಟಿನ ಗುಣ.

ಹಾಗಿದ್ದರೆ ಪ್ರತಿಯೊಂದು ಸೀಟಿಗೂ ಸಂಖ್ಯೆಯಿರುವ ವಿಮಾನದಲ್ಲಿ ನೂಕಾಟವೇ ಇರಬಾರದಷ್ಟೆ? ವಿಮಾನವನ್ನು ನಾನು ಆಕಾಶದಲ್ಲಿ ಮಾತ್ರ ಕಂಡವಳು. 2023ರಲ್ಲಿ ನೆರೆಯ ಶಿವಮೊಗ್ಗದಲ್ಲೇ ವಿಮಾನ ನಿಲ್ದಾಣ ತೆರೆದಿದ್ದರೂ ಅದರ ಬಾಗಿಲನ್ನು ನಾನಿನ್ನೂ ನೋಡಿಲ್ಲ. ಆದರೆ ಓದಿ ತಿಳಿದ ಮಟ್ಟಿಗೆ ಅಲ್ಲಿಯೂ ಇದೇ ಕಥೆ. ಪ್ರಯಾಣಿಕರನ್ನು ಗುಂಪುಗಳಾಗಿ ವಿಂಗಡಿಸಿ ಒಂದೊಂದೇ ಗುಂಪನ್ನು ಕರೆಯುತ್ತಾರೆ. ತಮ್ಮ ಗುಂಪಿನ ಕರೆ ಬರುವ ಮುನ್ನವೇ ಎದ್ದು ಬಾಗಿಲ ಬಳಿ ಗುಂಪುಗೂಡುವವರು, ಮುಂದಿನ ಗುಂಪಿನೊಳಗೆ ಮೆಲ್ಲಗೆ ಸೇರಿಕೊಳ್ಳುವವರು ಅಲ್ಲಿಯೂ ಇದ್ದಾರೆ. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯಂತೂ 2024ರಲ್ಲಿ, ಸರದಿಗೆ ಮೊದಲೇ ಬಂದವರ ಚೀಟಿಯನ್ನು ಯಂತ್ರದ ಮುಂದೆ ಹಿಡಿದಾಗ ಸದ್ದು ಮಾಡುವ ಏರ್ಪಾಟನ್ನು ನೂರಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ತಂದಿತು. ಸೀಟು ಎಲ್ಲಿಗೂ ಓಡಿಹೋಗುವುದಿಲ್ಲ. ಎಲ್ಲರೂ ಹತ್ತದ ಹೊರತು ವಿಮಾನ ಹೊರಡುವುದೂ ಇಲ್ಲ. ಆದರೂ ಏಕೆ ಈ ಆತುರ? ಕಾರಣ ತಲೆಯ ಮೇಲಿನ ಸಾಮಾನಿನ ಗೂಡು. ಸೀಟಿಗೆ ಸಂಖ್ಯೆಯಿದೆ, ಗೂಡಿಗಿಲ್ಲ. ಮೊದಲು ಹೋದವನ ಪೆಟ್ಟಿಗೆಗೆ ಜಾಗ. ಎಲ್ಲಿ ಸಂಖ್ಯೆಯಿಲ್ಲವೋ ಅಲ್ಲಿ ನೂಕಾಟ ಎಂಬ ನಮ್ಮ ಸೂತ್ರ ಇಲ್ಲಿಯೂ ನಿಂತಿತು.

ಇದಕ್ಕೆ ನಮ್ಮ ನಾಡಿನದೇ ಇನ್ನೊಂದು ನಿದರ್ಶನವಿದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ವಿಮಾನಗಳನ್ನು ಆರಂಭಿಸಿ, ಸಾಮಾನ್ಯ ಜನರೂ ಹಾರುವಂತೆ ಮಾಡಿದರು. ಆ ವಿಮಾನಗಳಲ್ಲಿ ಸೀಟಿಗೆ ಸಂಖ್ಯೆ ಕೊಡುತ್ತಿರಲಿಲ್ಲ. ಬಂದವರು ಖಾಲಿ ಇದ್ದಲ್ಲಿ ಕೂರಬೇಕು. ನಮ್ಮ ಬಸ್ಸಿನ ನೀತಿಯೇ ಆಕಾಶಕ್ಕೆ ಏರಿತ್ತು! ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಯೂ 1971ರಿಂದ ಹೀಗೆಯೇ ನಡೆಸಿ, 2026ರ ಜನವರಿಯಲ್ಲಿ ಸೀಟು ಗೊತ್ತುಮಾಡುವ ಪದ್ಧತಿಗೆ ತಿರುಗಿತು.

ಹತ್ತಿಸುವ ಕ್ರಮವನ್ನು ವಿಜ್ಞಾನಿಗಳೂ ಪರಿಶೀಲಿಸಿದ್ದಾರೆ. ಜೇಸನ್ ಸ್ಟೆಫೆನ್ ಎಂಬ ಭೌತವಿಜ್ಞಾನಿಯು 2008ರಲ್ಲಿ ಈ ಬಗ್ಗೆ ಲೇಖನ ಬರೆದು, ಅನಂತರ 72 ಜನರನ್ನು ವಿಮಾನದ ಮಾದರಿಯೊಂದರಲ್ಲಿ ಹತ್ತಿಸಿ ಪರೀಕ್ಷೆ ಮಾಡಿದನು. ಹಿಂದಿನ ಸೀಟಿನವರಿಂದ ಸಾಲಾಗಿ ಹತ್ತಿಸಿದಾಗ ಆರು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಕ್ರಮವಿಲ್ಲದೆ ಬಿಟ್ಟಾಗ ಐದು ನಿಮಿಷದೊಳಗೆ ಮುಗಿಯಿತು. ಕಿಟಕಿಯವರು ಮೊದಲು, ಅದೂ ಒಂದು ಸಾಲು ಬಿಟ್ಟು ಒಂದು ಸಾಲಿನವರು ಎಂಬ ಅವನ ಕ್ರಮದಲ್ಲಿ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಪಾಠವೇನೆಂದರೆ, ಕ್ರಮವೆಂದು ಕರೆದುದೆಲ್ಲ ಒಳ್ಳೆಯ ಕ್ರಮವಲ್ಲ. ಆಲೋಚಿಸಿ ಮಾಡಿದ ಕ್ರಮ ಮಾತ್ರ ಎಲ್ಲರ ಹೊತ್ತನ್ನೂ ಉಳಿಸುತ್ತದೆ.

ಇನ್ನು, ಸಾಲಿನಲ್ಲಿ ಮುಂದೆ ಹೋಗುವವರೆಲ್ಲರೂ ಒಂದೇ ತರದವರಲ್ಲ. ಅವರಲ್ಲಿ ಮೂರು ವರ್ಗಗಳನ್ನು ಕಾಣಬಹುದು. ಒಂದು, ಅಗತ್ಯದಿಂದ ಹೋಗುವವರು: ವೃದ್ಧರು, ಅಂಗವಿಕಲರು, ಗರ್ಭಿಣಿಯರು, ಕೂಸು ಹೊತ್ತವರು. ಇವರಿಗೆ ದಾರಿ ಬಿಡುವುದು ಪಂಕ್ತಿಭೇದವಲ್ಲ. ಹಲ್ಲಿಲ್ಲದವನಿಗೆ ಅನ್ನವನ್ನು ಮೆತ್ತಗೆ ಬಡಿಸಿದಂತೆ. ಎರಡು, ಹಣದಿಂದ ಹೋಗುವವರು: ವಿಮಾನದಲ್ಲಿ ಹೆಚ್ಚು ಹಣ ತೆತ್ತವರು, ದೇವಸ್ಥಾನದಲ್ಲಿ ವಿಶೇಷ ದರ್ಶನದ ಚೀಟಿ ಪಡೆದವರು. ಇದು ಬಹಿರಂಗವಾದ ವ್ಯಾಪಾರ. ವಿಮಾನದಲ್ಲಿ ಸಹಿಸಬಹುದು, ದೇವರ ಮುಂದೆಯೂ ಬೇಕೇ ಎಂಬುದನ್ನು ಭಕ್ತರೇ ಯೋಚಿಸಬೇಕು. ಮೂರು, ಉಪಾಯದಿಂದ ಹೋಗುವವರು. ಇವರು ಹಣವನ್ನೂ ಕೊಡುವುದಿಲ್ಲ, ಅಗತ್ಯವನ್ನೂ ತೋರಿಸುವುದಿಲ್ಲ. ‘ಅಕ್ಕಾ, ಸ್ವಲ್ಪ ಸರಕ್ಕೊಳ್ಳಿ, ಅರ್ಜೆಂಟು’ ಎಂದು ನಂಟು ಹಚ್ಚಿ ನುಸುಳುತ್ತಾರೆ. ನಮ್ಮ ಆಕ್ಷೇಪಣೆ ಇರುವುದು ಈ ಮೂರನೆಯ ವರ್ಗದ ಮೇಲೆ.

ಇವರನ್ನು ತಡೆಯುವವರು ಯಾರು? ಸ್ಟಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞನು ಮತ್ತು ಅವನ ಸಂಗಡಿಗರು ನ್ಯೂಯಾರ್ಕಿನಲ್ಲಿ 129 ಸಾಲುಗಳೊಳಗೆ ತಮ್ಮವರನ್ನು ಬೇಕೆಂದೇ ನುಗ್ಗಿಸಿ, ಜನರ ವರ್ತನೆಯನ್ನು ಬರೆದಿಟ್ಟುಕೊಂಡು 1986ರಲ್ಲಿ ಪ್ರಕಟಿಸಿದರು. ನುಗ್ಗಿದವನ ಬೆನ್ನ ಹಿಂದಿದ್ದವನೇ ಹೆಚ್ಚಾಗಿ ಆಕ್ಷೇಪಿಸಿದನು. ಸಾಲಿನ ಉಳಿದವರು ಬಹುಮಟ್ಟಿಗೆ ಸುಮ್ಮನಿದ್ದರು. ಹಿಡಿದು ಹೊರಗೆ ತಳ್ಳಿದ್ದಂತೂ ಬಹಳ ವಿರಳ. ನ್ಯೂಯಾರ್ಕಿನ ಕಥೆಯೇ ಹೀಗಾದರೆ, ಊರಿನವರ ಮುಖ ನೋಡಿ ಬದುಕಬೇಕಾದ ನಮ್ಮ ಸಂಕೋಚವನ್ನು ಕೇಳಬೇಕೆ? ‘ನಮಗ್ಯಾಕೆ ಬಿಡಮ್ಮ’ ಎನ್ನುತ್ತೇವೆ. ಆದರೆ ಒಬ್ಬನು ಒಳಗೆ ಸೇರಿದಾಗ ಬೆನ್ನ ಹಿಂದಿನವನಿಗೆ ಮಾತ್ರವಲ್ಲ, ಕೊನೆಯಲ್ಲಿ ನಿಂತವನಿಗೂ ಒಂದು ಸ್ಥಾನ ಹಿಂದಕ್ಕೆ ಹೋಯಿತು. ಬಾಯಿ ತೆರೆಯದೆ ದಾರಿ ಬಿಟ್ಟವನು ದಾನ ಮಾಡಿದ್ದು ತನ್ನ ಸ್ಥಾನವನ್ನಲ್ಲ, ಹಿಂದಿನವರೆಲ್ಲರ ಸ್ಥಾನವನ್ನು.

ಇಷ್ಟೆಲ್ಲ ವಿವೇಚನೆಯಿಂದ ಹೊರಡುವ ಆಚಾರ ಬಹಳ ಸರಳವಾದದ್ದು. ಇಳಿಯುವವರು ಇಳಿದ ಮೇಲೆ ಹತ್ತಬೇಕು. ಸೀಟನ್ನು ಕೂತು ಹಿಡಿಯಬೇಕೇ ಹೊರತು ಎಸೆದು ಹಿಡಿಯಬಾರದು. ಅಶಕ್ತರನ್ನು ಅವರು ಕೇಳುವ ಮೊದಲೇ ಮುಂದೆ ಕಳುಹಿಸಬೇಕು. ನುಸುಳುವವರಿಗೆ ಕೋಪವಿಲ್ಲದೆ, ‘ಅಣ್ಣಾ, ಸಾಲು ಅಲ್ಲಿಂದ ಇದೆ’ ಎಂದು ಹೇಳಬೇಕು. ಒಬ್ಬರು ಹೇಳಿದಾಗ ಪಕ್ಕದವರೂ ದನಿಗೂಡಿಸಬೇಕು. ಬಸ್ಸುಗಳು ಹೆಚ್ಚಬೇಕು, ನಿಲ್ದಾಣಗಳಲ್ಲಿ ಸಾಲಿಗೆ ಕಂಬಿಗಳು ಬರಬೇಕು ಎಂಬುದೂ ನಿಜವೇ. ಅದಕ್ಕಾಗಿ ಅರ್ಜಿ ಬರೆಯಲು ನಾವು ಕಲಿತ ಅಕ್ಷರಗಳು ಇವೆ. ಆದರೆ ಕಂಬಿ ಬರುವವರೆಗೆ ಸಾಲು ಕಾಯಬೇಕಾಗಿಲ್ಲ. ಇಬ್ಬರು ನಿಂತರೆ ಸಾಲು ಆರಂಭವಾಗುತ್ತದೆ; ಮೂರನೆಯವನಿಗೆ ಎಲ್ಲಿ ನಿಲ್ಲಬೇಕೆಂದು ತಾನಾಗಿ ತಿಳಿಯುತ್ತದೆ. ಆ ಮೊದಲ ಇಬ್ಬರು ಓದಿದವರಾಗಿರಲಿ ಎಂಬುದೇ ನನ್ನ ಸಹಪಾಠಿಗಳಲ್ಲಿ ಬಿನ್ನಹ.