ಬಯಲು ಮನೆಯಾದ ಬಗೆ

ಗಣಕಯಂತ್ರದ ಆಟಗಳು ಇಂದಿನ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. 2003ರಲ್ಲಿ ಬಂದ ‘ಸ್ಪೇಸ್ ಸ್ಟೇಷನ್ 13’ ಅಂತಹ ಆಟಗಳಲ್ಲೊಂದು. ಇದರಲ್ಲಿ ಆಟಗಾರರು ಅಂತರಿಕ್ಷ ನಿಲ್ದಾಣವೊಂದರ ನಿವಾಸಿಗಳು. ಹೊಸ ಕೋಣೆ ಬೇಕಾದರೆ ಮೊದಲು ನೆಲವನ್ನು ಹಾಸಬೇಕು, ಲೋಹದ ಚೌಕಟ್ಟನ್ನು ನಿಲ್ಲಿಸಿ, ಅದಕ್ಕೆ ತಗಡನ್ನು ಹೊದಿಸಿ ಗೋಡೆಯನ್ನು ಮಾಡಬೇಕು, ಬಾಗಿಲನ್ನು ಕೂರಿಸಬೇಕು, ಅನಂತರವೇ ಕುರ್ಚಿ, ಮೇಜುಗಳು. ಗೋಡೆ ಒಡೆದರೆ ಒಳಗಿನ ಗಾಳಿಯೆಲ್ಲ ಶೂನ್ಯಕ್ಕೆ ಸೋರಿಹೋಗುತ್ತದೆ. ಬೇಡವಾದ ಗೋಡೆಯನ್ನು ಬಿಚ್ಚಿ ಬೇರೆಡೆ ಕಟ್ಟಲೂಬಹುದು. ಆಟವು ಹೊಸದಾದರೂ ಅದರ ಹಿಂದಿರುವ ಪ್ರಶ್ನೆ ಬಹು ಹಳೆಯದು: ಬಯಲು ಮನೆಯಾಗುವುದು ಹೇಗೆ?

ಬಾದಾಮಿಯ ಶಿಲ್ಪಿಗಳು ಈ ಪ್ರಶ್ನೆಗೆ ವಿಲಕ್ಷಣವಾದ ಉತ್ತರವನ್ನು ಕೊಟ್ಟರು. ಅವರು ಕಲ್ಲನ್ನು ತಂದು ಜೋಡಿಸಲಿಲ್ಲ. ಇದ್ದ ಕಲ್ಲನ್ನು ತೆಗೆದರು. ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ತೆಗೆದದ್ದು ಕೋಣೆಯಾಯಿತು, ಉಳಿದದ್ದು ಗೋಡೆಯಾಯಿತು. ಮೂರನೆಯ ಗುಹೆಯನ್ನು ಮಾಡಿಸಿದವನು ಚಾಲುಕ್ಯ ಮಂಗಳೇಶ. ಅಲ್ಲಿಯ ಶಾಸನದಲ್ಲಿ ಕ್ರಿ.ಶ. 578ಕ್ಕೆ ಸರಿಹೊಂದುವ ಶಕವರ್ಷವಿದೆ. ಅದರ ಛಾವಣಿಯಲ್ಲಿ ಕಲ್ಲಿನ ತೊಲೆಗಳನ್ನು ಕಡೆಯಲಾಗಿದೆ. ಬೆಟ್ಟವೇ ಛಾವಣಿಯಾಗಿರುವಲ್ಲಿ ಅವು ಬೇರೆ ಭಾರವನ್ನು ಹೊರಬೇಕಾಗಿಲ್ಲ. ಆದರೂ ತಲೆಯ ಮೇಲೆ ತೊಲೆಯನ್ನು ಕಂಡರೆ ಮನುಷ್ಯನಿಗೆ ಅದು ಮನೆಯೆನಿಸುತ್ತದೆ. ಇಂತಹ ಕೆಲಸದಲ್ಲಿ ಉಳಿ ತಪ್ಪಿದರೆ, ಕೆತ್ತಿ ತೆಗೆದ ಕಲ್ಲನ್ನು ಮರಳಿ ಕೂರಿಸುವಂತಿಲ್ಲ.

ಹುನಗುಂದ ಸೀಮೆಯ ಐಹೊಳೆಯಲ್ಲಿ ಕಟ್ಟುವವರು ಕಲ್ಲನ್ನು ಜೋಡಿಸಿದರು. ಲಾಡಖಾನ್ ಗುಡಿಯ ಇಳಿಜಾರು ಛಾವಣಿಯನ್ನು ನೋಡಿ. ಚಪ್ಪಡಿಗಳ ಸಂದಿನಲ್ಲಿ ನೀರು ಇಳಿಯದಂತೆ ಅದರ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಹೊಂದಿಸಿದ್ದಾರೆ. ಮರದ ಮನೆಯನ್ನು ಕಟ್ಟಿ ಬಲ್ಲವರ ಜಾಣ್ಮೆ ಕಲ್ಲಿನಲ್ಲಿ ಮುಂದುವರಿದಂತೆ ಅದು ಕಾಣುತ್ತದೆ. ಮುಂಭಾಗದ ಮಂಟಪದಲ್ಲಿ ಒರಗಿ ಕೂರಲು ಕಲ್ಲಿನ ಆಸನಗಳೂ ಇವೆ. ಹಿಂದೊಮ್ಮೆ ಲಾಡಖಾನ್ ಎಂಬಾತನು ಇದರಲ್ಲಿ ವಾಸಿಸುತ್ತಿದ್ದನೆಂದೂ, ಆದ್ದರಿಂದಲೇ ಈ ಹೆಸರು ಬಂದಿತೆಂದೂ ಹೇಳುತ್ತಾರೆ. ದೇವರಿಗೆ ಕಟ್ಟಿದ್ದು ಮನುಷ್ಯನಿಗೂ ಮನೆಯಾಯಿತು.

ಈ ಸೀಮೆಯ ಹಳೆಯ ಮನೆಗಳಲ್ಲಿಯೂ ಇದೇ ವಿವೇಕವಿದೆ. ಬೇಸಿಗೆಯ ಬಿಸಿಲನ್ನು ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆಗಳು ತಡೆಯುತ್ತವೆ. ಮಾಳಿಗೆಯ ಬೆಳಕಿಂಡಿಯು ಒಳಗೆ ಬೆಳಕನ್ನು ಬಿಡುತ್ತದೆ. ದೀಪಕ್ಕೆ ಗೋಡೆಯಲ್ಲಿಯೇ ಗೂಡು, ಮಾತಿಗೆ ಮನೆಯ ಮುಂದೆಯೇ ಕಟ್ಟೆ. ಇಳಕಲ್ಲಿನ ನೇಕಾರನು ಮನೆಯ ನೆಲದಲ್ಲಿ ಕುಣಿಯನ್ನು ತೋಡಿ ಮಗ್ಗವನ್ನು ಹೂಡುತ್ತಾನೆ. ಕಾಲುಗಳನ್ನು ಕುಣಿಯಲ್ಲಿ ಇಳಿಬಿಟ್ಟು, ಕೆಂಪು ರೇಷ್ಮೆಯ ಸೆರಗಿನ ಸೀರೆಯನ್ನು ನೇಯುತ್ತಾನೆ. ಅಲ್ಲಿ ಮಗ್ಗವು ಮನೆಯೊಳಗಿನ ಸಾಮಾನಲ್ಲ. ಮನೆಯ ಒಂದು ಅಂಗ.

ಇಂತಹ ಮನೆಯನ್ನು ಬಿಚ್ಚಿ ಬೇರೆಡೆ ಕಟ್ಟಬಹುದೇ? ಈ ಪ್ರಶ್ನೆಯನ್ನು ಬಾಗಲಕೋಟೆ ಎದುರಿಸಬೇಕಾಯಿತು. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಕಟ್ಟುವ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲನ್ನಿಟ್ಟರು. ಒಣ ಭೂಮಿಗೆ ನೀರು, ನಾಡಿಗೆ ವಿದ್ಯುತ್ತು ಅದರ ಫಲ. ಆದರೆ ಅದರ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ದೊಡ್ಡ ಭಾಗವೊಂದನ್ನು ಆವರಿಸಿತು. ನೀರು ಮುಟ್ಟದ ಎತ್ತರದಲ್ಲಿ ನವನಗರವೆಂಬ ಹೊಸ ಊರನ್ನು ಕಟ್ಟಲಾಯಿತು. ಅದರ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರೂ ಪಾಲ್ಗೊಂಡಿದ್ದರು. ಅಗಲವಾದ ರಸ್ತೆಗಳು ಬಂದವು. ಓಣಿಗಳಿಗೆ ಬದಲಾಗಿ ಸೆಕ್ಟರುಗಳೆಂಬ ಸಂಖ್ಯೆಗಳು ಬಂದವು. 1997ರಲ್ಲಿ ಬಾಗಲಕೋಟೆಯು ಜಿಲ್ಲಾ ಕೇಂದ್ರವಾಯಿತು.

‘ಮುಳುಗಡೆ’ ಎಂಬ ಒಂದು ಪದದಲ್ಲಿ ಅಲ್ಲಿಯ ಜನ ಈ ಕಥೆಯನ್ನೆಲ್ಲ ಹೇಳಿಬಿಡುತ್ತಾರೆ. ಮನೆಯನ್ನು ಬಿಡುವವನು ತೊಲೆಯನ್ನು ಇಳಿಸಿ, ಬಾಗಿಲನ್ನು ಚೌಕಟ್ಟಿನೊಡನೆ ಕಿತ್ತು ಬಂಡಿಗೆ ಹೇರಬಲ್ಲನು. ಆದರೆ ಮಗ್ಗದ ಕುಣಿಯನ್ನು ಹೇರಲಾರನು. ಸಂಜೆಯ ಹೊತ್ತು ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ ನೆರೆಯವನು ಬೇರೊಂದು ಸೆಕ್ಟರಿಗೆ ಹೋದರೆ, ಹೊಸ ಕಟ್ಟೆ ಎಷ್ಟು ಚೆನ್ನಾಗಿದ್ದರೂ ಅದು ಕೆಲಕಾಲ ಬರಿಯ ಕಲ್ಲೇ. ಪರಿಹಾರದ ಹಣದಿಂದ ಗೋಡೆ ಎದ್ದೀತು. ನೆರೆಹೊರೆಯು ಏಳಲು ವರ್ಷಗಳು ಬೇಕು.

ಆದರೂ ಜನರು ಕೈಕಟ್ಟಿ ಕೂರಲಿಲ್ಲ. ನವನಗರದಲ್ಲಿ ಶಾಲೆಗಳು ತೆರೆದವು, ಸಂತೆ ನೆರೆಯಿತು, ಹೊಸ ಹೊಸ್ತಿಲುಗಳ ಮುಂದೆ ರಂಗೋಲಿ ಮೂಡಿತು. ಆಟದಲ್ಲಿ ಗೋಡೆ ಹಿಡಿದಿಡುವುದು ಗಾಳಿಯನ್ನು. ನಿಜ ಜೀವನದಲ್ಲಿ ಅದು ಹಿಡಿದಿಡುವುದು ಬಾಳನ್ನು. ಕಟ್ಟುವುದನ್ನು ಕಲಿಯುವವರು, ಕೆಡಹುವ ಮುನ್ನ ಒಳಗಿರುವವರನ್ನು ನೆನೆಯುವುದನ್ನೂ ಕಲಿಯಬೇಕು.

ಅಭ್ಯಾಸ

1. ಬಾದಾಮಿಯ ಗುಹೆಗೂ ಐಹೊಳೆಯ ಗುಡಿಗೂ ನಿರ್ಮಾಣ ಕ್ರಮದಲ್ಲಿರುವ ವ್ಯತ್ಯಾಸವೇನು?
2. ‘ಮಗ್ಗವು ಮನೆಯ ಒಂದು ಅಂಗ’ – ಈ ಮಾತನ್ನು ವಿವರಿಸಿರಿ.
3. ನಿಮ್ಮ ಮನೆಯನ್ನು ಬೇರೆಡೆಗೆ ಸಾಗಿಸಬೇಕಾದರೆ ಯಾವುದನ್ನು ಒಯ್ಯಬಹುದು, ಯಾವುದನ್ನು ಒಯ್ಯಲಾಗದು? ಹತ್ತು ವಾಕ್ಯಗಳಲ್ಲಿ ಬರೆಯಿರಿ.