ಆರೋಗ್ಯ ಪ್ರಶ್ನೋತ್ತರ: ಹಬ್ಬದ ಎಲೆಗಿಂತ ಡಬ್ಬಿಯೇ ಭಾರ

ಪ್ರಶ್ನೆ: ನನಗೆ 42 ವರ್ಷ. ನವರಾತ್ರಿ, ಭೂಮಿ ಹುಣ್ಣಿಮೆ ಕಳೆದು ದೀಪಾವಳಿ ಮುಗಿಯುವಷ್ಟರಲ್ಲಿ ಪ್ರತಿ ವರ್ಷ ತೂಕ ಏರುತ್ತದೆ, ಆಮೇಲೆ ಇಳಿಯುವುದಿಲ್ಲ. ಹೋಳಿಗೆ ಮುಟ್ಟದಿದ್ದರೆ ಸರಿಹೋದೀತೇ?
– ಗೃಹಿಣಿ, ಉಡುತಡಿ

ಉತ್ತರ: ಹಬ್ಬದ ದಿನ ಹೋಳಿಗೆ ತಿನ್ನಿ. ಎಲೆಗೆ ಬಿದ್ದ ಎರಡು ಹೋಳಿಗೆಯಿಂದ ಯಾರೂ ದಪ್ಪಗಾಗುವುದಿಲ್ಲ. ನವರಾತ್ರಿಯ ಪಾಡ್ಯದಿಂದ ಬಲಿಪಾಡ್ಯಮಿಗೆ ಒಂದು ತಿಂಗಳು. ಅದರಲ್ಲಿ ಹಬ್ಬದೂಟದ ದಿನಗಳು ಬೆರಳೆಣಿಕೆಯಷ್ಟೇ. ಮಿಕ್ಕ ದಿನ ನಾಗಂದಿಗೆ ಮೇಲಿನ ಚಕ್ಕುಲಿ, ಕರ್ಜಿಕಾಯಿ ಡಬ್ಬಿಯದೇ ಕಾರುಬಾರು. ಸಂಜೆ ಚಹಾದ ಜೊತೆ 30 ಗ್ರಾಂ ಚಕ್ಕುಲಿ ತಿಂದರೆ ಸುಮಾರು 150 ಕ್ಯಾಲೊರಿ. ಅಷ್ಟನ್ನು ಕರಗಿಸಲು ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ನಡೆಯದಿದ್ದರೆ ತಿಂಗಳಿಗೆ 4,500 ಕ್ಯಾಲೊರಿ, ಅಂದರೆ ಅರ್ಧ ಕೆ.ಜಿ.ಗೂ ಮೀರಿದ ಕೊಬ್ಬು.

ಹಬ್ಬದ ಮರುದಿನ ಒಂದು ಕೆ.ಜಿ. ಏರಿದ್ದರೆ ಗಾಬರಿ ಬೇಡ. ಉಪ್ಪು, ಸಿಹಿ ಹೆಚ್ಚಾದಾಗ ಮೈ ನೀರು ಹಿಡಿಯುತ್ತದೆ. ಮಾಮೂಲಿ ಊಟಕ್ಕೆ ಮರಳಿದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಇಳಿಯದೆ ಕೂರುವುದು ಕೊಬ್ಬು. ಅಮೆರಿಕದಲ್ಲಿ 195 ವಯಸ್ಕರ ತೂಕ ನೋಡಿ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಳಿಗಾಲದ ಹಬ್ಬಗಳಲ್ಲಿ ಸರಾಸರಿ ಏರಿಕೆ 0.37 ಕೆ.ಜಿ. ಮಾತ್ರ. ಆದರೆ ಅದು ಮುಂದಿನ ತಿಂಗಳುಗಳಲ್ಲೂ ಇಳಿದಿರಲಿಲ್ಲ. ವರ್ಷ ವರ್ಷ ಹೀಗೆ ಕೂಡುತ್ತಾ ಹೋದರೆ ಲೆಕ್ಕ ನೀವೇ ಹಾಕಿ.

ಆದ್ದರಿಂದ ಒಂದೇ ಒಬ್ಬೆ ಕರಿಯಿರಿ, ಬಂದವರಿಗೆ ಕಟ್ಟಿಕೊಡಿ. ತಿನ್ನುವುದಾದರೆ ತಟ್ಟೆಗೆ ಎರಡು ಹಾಕಿಕೊಂಡು ಕುಳಿತು ತಿನ್ನಿ. ಡಬ್ಬಿಗೇ ಕೈ ಹಾಕಿದರೆ ಎಷ್ಟು ತಿಂದೆವೆಂದೇ ತಿಳಿಯದು.

ಪ್ರಶ್ನೆ: ನಮ್ಮಲ್ಲಿ ಸಕ್ಕರೆ ಬಿಟ್ಟು ಎಲ್ಲಕ್ಕೂ ಬೆಲ್ಲವನ್ನೇ ಹಾಕುತ್ತೇವೆ. ಇದರಿಂದ ತೂಕ ಏರುವುದಿಲ್ಲ ತಾನೇ?
– ನಿವೃತ್ತ ಶಿಕ್ಷಕ, ಸೊರಬ

ಉತ್ತರ: ಏರುತ್ತದೆ. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ, ಬೆಲ್ಲದಲ್ಲಿ ಸುಮಾರು 380. ಬೆಲ್ಲವೆಂದು ಇನ್ನೊಂದು ಸೌಟು ಪಾಯಸ ಬಡಿಸಿಕೊಂಡರೆ ಆ ಅಲ್ಪ ವ್ಯತ್ಯಾಸವೂ ಹೋಯಿತು. ಎಣ್ಣೆ, ತುಪ್ಪದ ಮೇಲೆ ಹೆಚ್ಚು ನಿಗಾ ಇರಲಿ: ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಸಿಹಿಗೆ 4.

ನಿಮ್ಮ ಸೀಮೆಯ ಭೂಮಿ ಹುಣ್ಣಿಮೆ ಬುತ್ತಿಯಲ್ಲೇ ಉತ್ತರವಿದೆ. ಸೌತೆಕಾಯಿ ಕಡುಬು, ಕೊಟ್ಟೆ ಕಡುಬು ಬೇಯುವುದು ಹಬೆಯಲ್ಲಿ. ಜೊತೆಗೆ ಸೊಪ್ಪು, ತರಕಾರಿ ಪಲ್ಯ. ಗದ್ದೆಯವರೆಗೆ ನಡೆದು, ಪೂಜೆ ಮಾಡಿ, ಬದುವಿನ ಮೇಲೆ ಕುಳಿತು ಉಣ್ಣುವ ಊಟವದು. ಕಡುಬಿನ ಮೇಲೆ ತುಪ್ಪ ಒಂದು ಚಮಚ ಸಾಕು. ಬುತ್ತಿಯನ್ನು ಬೈಕಿನಲ್ಲಿ ಒಯ್ಯುವ ಬದಲು ಹೊತ್ತುಕೊಂಡೇ ಹೋಗಿ.

ಪ್ರಶ್ನೆ: ನನಗೆ 58, ಮಧುಮೇಹವಿದೆ. ಹಬ್ಬದೂಟ ಜೋರಾಗಿರುತ್ತದೆಂದು ಬೆಳಗಿನ ತಿಂಡಿ ಬಿಡುತ್ತೇನೆ. ಮಾತ್ರೆ ತಪ್ಪಿಸುವುದಿಲ್ಲ. ಸರಿಯೇ?
– ಓದುಗರು, ಶಿಕಾರಿಪುರ

ಉತ್ತರ: ಖಂಡಿತ ಸರಿಯಲ್ಲ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಹಸಿದು ಕುಳಿತರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ದೀಪಾವಳಿಯಲ್ಲಿ ದನಗಳ ಮೈ ತೊಳೆದು, ಸಿಂಗರಿಸಿ, ಗೋಪೂಜೆ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಗುವುದುಂಟು. ನಡುಕ, ಬೆವರು, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪೂಜೆಗೆ ಮುನ್ನ ಉಪವಾಸ ಬೇಕೇಬೇಕಿದ್ದರೆ ಮಾತ್ರೆಯ ಹೊತ್ತನ್ನು ವೈದ್ಯರನ್ನು ಕೇಳಿ ಬದಲಿಸಿಕೊಳ್ಳಿ.

ಹಸಿದು ಕೂತವರು ಎಲೆಯ ಮುಂದೆ ಇಮ್ಮಡಿ ಉಣ್ಣುತ್ತಾರೆ. ಹಾಗಾಗಿ ತೂಕ ಇಳಿಸುವ ಉಪಾಯವಾಗಿಯೂ ಇದು ನಿಲ್ಲುವುದಿಲ್ಲ.

ಎಲ್ಲರಿಗೂ ಒಂದು ಮಾತು: ದೀಪಾವಳಿಯ ಬೆನ್ನಿಗೇ ಹೋರಿ ಹಬ್ಬಗಳ ಸರಣಿ ಶುರು. ಅಖಾಡದ ಬದಿಯಲ್ಲಿ ನಿಂತು ಕೂಗಿದ್ದು ವ್ಯಾಯಾಮವಲ್ಲ. ವಾರಕ್ಕೊಮ್ಮೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ, ಸೊಂಟ ಅಳೆಯಿರಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮೀರಬಾರದು. ಊಟ ಹೆಚ್ಚಾಗದೆಯೂ ತೂಕ ಏರುತ್ತಿದ್ದರೆ, ಕಾಲು ಊದಿದ್ದರೆ, ಸುಸ್ತು ಬಿಡದಿದ್ದರೆ ಹೋಳಿಗೆಯನ್ನು ದೂರುವುದು ಬಿಟ್ಟು ಥೈರಾಯ್ಡ್, ಮೂತ್ರಪಿಂಡ, ಹೃದಯದ ತಪಾಸಣೆ ಮಾಡಿಸಿ.