ದಾರ ಸಿಗದ ವಂಕಿ

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ನನ್ನ ನಾದಿನಿ, ಒಂದು ಭಾನುವಾರ ಲಗ್ಗೆರೆಯ ಮನೆಯಲ್ಲಿ ಬಟ್ಟೆ ಒಣಹಾಕುತ್ತಾ ಮೆಲ್ಲಗೆ ಹೇಳಿದಳು: "ಅತ್ತಿಗೆ, ವಂಕಿ ದಾರ ಕೈಗೆ ಸಿಗ್ತಾನೇ ಇಲ್ಲ." ಮಗುವಿಗೆ ಮೂರು ತಿಂಗಳಾದಾಗ ಹಾಕಿಸಿಕೊಂಡ ಕಾಪರ್-ಟಿ ಅದು. ಮುಟ್ಟು ಮುಗಿದ ಮೇಲೆ ಬೆರಳಿಂದ ದಾರ ಮುಟ್ಟಿ ನೋಡಿಕೊಳ್ಳಲು ನರ್ಸಮ್ಮ ಹೇಳಿಕೊಟ್ಟಿದ್ದರು.

ಅವಳು ಹೋದ ನರ್ಸಿಂಗ್ ಹೋಂನಲ್ಲಿ ಸ್ಕ್ಯಾನ್ ಮಾಡಿ, ಗರ್ಭಕೋಶ ಖಾಲಿ ಇದೆ, ಬಿದ್ದುಹೋಗಿರಬೇಕು ಎಂದು ಕಳಿಸಿದರು. ಬಿದ್ದದ್ದನ್ನು ಅವಳು ಕಂಡಿರಲಿಲ್ಲ. ನಾನೂ ಕೇಳಲಿಲ್ಲ, ಆ ತಪ್ಪು ನನ್ನದು. ಮುಟ್ಟಿನ ಜೊತೆ ಗೊತ್ತಾಗದ ಹಾಗೆ ಹೋಗುವುದುಂಟು, ನಿಜ. ಆದರೆ ಹೋಯಿತು ಎನ್ನುವ ಮೊದಲು ಹೊಟ್ಟೆಯ ಎಕ್ಸ್‌ರೇ ಆಗಲೇಬೇಕು. ವಂಕಿಯ ಪ್ಲಾಸ್ಟಿಕ್ಕಿಗೆ ಬೇರಿಯಂ ಸಲ್ಫೇಟ್ ಬೆರೆಸಿರುವುದೇ ಎಕ್ಸ್‌ರೇಯಲ್ಲಿ ಕಾಣಲಿ ಎಂದು.

ಏಳು ತಿಂಗಳು ಕಳೆದು ಕಿಬ್ಬೊಟ್ಟೆ ನೋಯತೊಡಗಿದಾಗ ಬೇರೆ ಆಸ್ಪತ್ರೆಗೆ ಕರೆದೊಯ್ದೆ. ಮೊದಲು ಮೂತ್ರ ಪರೀಕ್ಷೆ, ಬಸಿರಿಲ್ಲವೆಂದು ಖಾತ್ರಿಯಾದ ಮೇಲೆ ಎಕ್ಸ್‌ರೇ. ಸೊಂಟದ ಮೂಳೆಯ ಪಕ್ಕದಲ್ಲಿ, ಬೆಳ್ಳಗೆ, ಓರೆಯಾಗಿ ಮಲಗಿತ್ತು ಆ 'ಟಿ'. ಅಷ್ಟು ದಿನ ಅದು ಬಸಿರನ್ನೂ ತಡೆಯುತ್ತಿರಲಿಲ್ಲ.

ವಂಕಿಯಿಂದ ಗರ್ಭಕೋಶದ ಗೋಡೆ ತೂತಾಗುವುದು 1000ಕ್ಕೆ ಒಬ್ಬರ ಆಸುಪಾಸಿನಲ್ಲಿ. ಹಾಲೂಡಿಸುವ ತಾಯಂದಿರಲ್ಲಿ ಅಪಾಯ ಹೆಚ್ಚು. ದಾರ ಕಾಣುತ್ತಿದ್ದರೆ ವಂಕಿ ತೆಗೆಯುವುದು ಒಂದೆರಡು ನಿಮಿಷದ ಕೆಲಸ. ದಾರ ಒಳಗೆ ಸುರುಳಿಯಾಗಿ, ಸುಲಭಕ್ಕೆ ಸಿಗದಿದ್ದರೆ ಹಿಸ್ಟರೋಸ್ಕೋಪಿಯಲ್ಲಿ ನೋಡಿಕೊಂಡೇ ತೆಗೆಯಬಹುದು. ಗೋಡೆ ದಾಟಿದ್ದರೆ ಮಾತ್ರ ಲ್ಯಾಪರೋಸ್ಕೋಪಿ.

ಒಪ್ಪಿಗೆ ಪತ್ರ ಓದಿ ಅವಳ ಕೈ ನಡುಗಿತು: ಕರುಳಿಗೆ, ಮೂತ್ರಕೋಶಕ್ಕೆ ಪೆಟ್ಟಾಗಬಹುದು, ರಕ್ತಸ್ರಾವ ಆಗಬಹುದು, ಬೇಕಾದರೆ ಹೊಟ್ಟೆ ಕೊಯ್ಯಬೇಕಾದೀತು. "ಹಾಗೇ ಬಿಟ್ರೆ ಏನಾಗುತ್ತೆ ಮೇಡಂ?" ಎಂದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ತಾಮ್ರ ಸುತ್ತಲಿನದನ್ನು ಕೆರಳಿಸಿ ಒಂದಕ್ಕೊಂದು ಅಂಟಿಸಿಬಿಡುತ್ತದೆ, ತಡವಾದಷ್ಟೂ ಬಿಡಿಸುವುದು ಕಷ್ಟ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮೊದಲ ಆಸ್ಪತ್ರೆಯಲ್ಲಿ ಇಂಥ ಐದು ನಿಮಿಷ ಸಿಕ್ಕಿದ್ದರೆ ಸಾಕಿತ್ತು.

ಮುಟ್ಟಿ ನೋಡಿಕೊಳ್ಳುವ ಮಾತು ವಂಕಿಗಷ್ಟೇ ಅಲ್ಲ. ಬಸಿರು ತಡೆಯಲು ತೋಳಿನ ಚರ್ಮದಡಿ ಇಡುವ ಕಡ್ಡಿ ಈಗ ಸರ್ಕಾರಿ ಯೋಜನೆಗೂ ಬಂದಿದೆ. 4 ಸೆಂ.ಮೀ. ಉದ್ದ, 3 ವರ್ಷದ ಬಾಳಿಕೆ. ಹಾಕಿದ ಕೂಡಲೇ ಅದನ್ನೂ ಬೆರಳಿಂದ ಒತ್ತಿ ನೋಡಬೇಕು. ಆಳಕ್ಕೆ ಹೋದರೆ ನರ, ರಕ್ತನಾಳಗಳ ಪಕ್ಕದಲ್ಲಿ ಹುಡುಕಬೇಕಾಗುತ್ತದೆ.

ಕೊನೆಗೆ ನಾದಿನಿ ಲ್ಯಾಪರೋಸ್ಕೋಪಿಗೆ ಒಪ್ಪಿದಳು. ಮೂರು ಸಣ್ಣ ತೂತು, ಆಸ್ಪತ್ರೆಯಲ್ಲಿ ಎರಡು ರಾತ್ರಿ. ವಂಕಿ ಕರುಳಿನ ಮುಂದಿನ ಕೊಬ್ಬಿನ ಪದರದಲ್ಲಿ ಸಿಕ್ಕಿಕೊಂಡಿತ್ತಂತೆ. ಇಎಸ್‌ಐನಲ್ಲಿ ಕಾಯಿಲೆ ರಜೆಗೆ ಕೂಲಿಯ ಶೇ 70 ಸಿಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಸಂಬಳ ಕಟ್ಟಾಗುತ್ತದೆಂದು ನೋವು ನುಂಗಿಕೊಂಡು ಮೆಷಿನ್ ಮುಂದೆ ಕೂತಿದ್ದಳು. ಮನೆಗೆ ಹೊರಡುವ ದಿನ ಸಿಸ್ಟರ್ ಒಂದು ಪುಟ್ಟ ಡಬ್ಬಿ ತಂದು ತೋರಿಸಿದರು. ತಾಮ್ರ ಕಪ್ಪಿಟ್ಟಿತ್ತು. ದಾರ ಎರಡೂ ಹಾಗೇ ಇದ್ದವು.